ಳಕಾರದ ಪ್ರತೀಕಾರ

ಸತತ ಒಂಬತ್ತನೆಯ ಸೋಲನ್ನು ಕಣ್ಣಾರೆ ಕಂಡು ಮನೆಗೆ ಬಂದ ಕರಡು ಮೇಷ್ಟ್ರು ಚಪ್ಪಲಿಯನ್ನೂ ಬಿಡದೆ ನಡುಮನೆಗೆ ನುಗ್ಗಿದರು. ಹತ್ತೊಂಬತ್ತು ವರ್ಷದಿಂದ ಗೋಡೆಯ ಮೇಲೆ ನೇತಾಡುತ್ತಿದ್ದ ಹಾಕಿ ಸ್ಟಿಕ್ಕನ್ನು ಕಿತ್ತು ಮೂಲೆಯ ಕಸದ ಬುಟ್ಟಿಯತ್ತ ಎಸೆದರು. ಅದು ಗುರಿ ತಪ್ಪಿ ಹೂಜಿಗೆ ತಗುಲಿತು. (ಆ ತಂಡದ ಅಭಿಮಾನಿಯಿಂದ ಅದಕ್ಕಿಂತ ಒಳ್ಳೆಯ ಗುರಿಯನ್ನು ನಿರೀಕ್ಷಿಸುವುದೂ ತಪ್ಪೇ.)

"ಮುಗೀತು. ಇವತ್ತಿಗೆ ನನಗೂ ಆ ತಂಡಕ್ಕೂ ಋಣ ಹರೀತು!"

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಎಷ್ಟು?"

"ಏಳು."

"ನಿಮ್ಮವರದ್ದು?"

"ನಮ್ಮವರು ಅನ್ನಬೇಡ. ಅವರು ಅನ್ನು. ಸೊನ್ನೆ. ಏಳನೇ ಗೋಲು ಬೀಳೋವಾಗ ಆ ಗೋಲುರಕ್ಷಕ ಏನು ಮಾಡ್ತಿದ್ದ ಗೊತ್ತಾ? ಗ್ಯಾಲರಿಯಲ್ಲಿದ್ದ ಅವನ ಅತ್ತೆಗೆ ಕೈ ಬೀಸ್ತಿದ್ದ."

"ಪಾಪ, ಮರ್ಯಾದಸ್ಥ. ನಿಮ್ಮ ಅತ್ತೆಗೆ ನೀವು ಯಾವತ್ತು ಕೈ ಬೀಸಿದ್ರಿ?"

ಮೇಷ್ಟ್ರ ದೃಷ್ಟಿಯಲ್ಲಿ ಗೋಲುರಕ್ಷಕ ಎಂದರೆ ಗೋಲಾಗದಂತೆ ರಕ್ಷಿಸುವವನು. ಈ ಮಹಾಶಯನೋ ಗೋಲನ್ನೇ ರಕ್ಷಿಸುತ್ತಿದ್ದ. ಬಂದ ಒಂದೊಂದನ್ನೂ ಕೂದಲು ಕೊಂಕದಂತೆ ಒಳಗೆ ಬರಮಾಡಿಕೊಳ್ಳುತ್ತಿದ್ದ.

ಮೇಷ್ಟ್ರು ಎಂದ ಮಾತ್ರಕ್ಕೆ ಇವರು ಯಾರಿಗಾದರೂ ಪಾಠ ಹೇಳಿದವರು ಎಂದುಕೊಳ್ಳಬಾರದು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಅವರ ಕನ್ನಡಕದ ಕೆಳಗಿಂದ ಒಂದೇ ಒಂದು ಅಚ್ಚಿನ ತಪ್ಪು ಜೀವಸಹಿತ ಪಾರಾಗಿರಲಿಲ್ಲ. ಅವರು ಮೆಟ್ಟಿಲು ಹತ್ತುವ ಸದ್ದಿಗೇ ಒತ್ತಕ್ಷರಗಳು ಎದ್ದು ಸಾಲಾಗಿ ನಿಲ್ಲುತ್ತವೆ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಿದ್ದರು. ಈ ಮಾತನ್ನು ಮೊದಲು ಹೇಳಿದವರು ಮೇಷ್ಟ್ರೇ ಎಂಬುದು ಹೆಂಡತಿಯ ಅನುಮಾನ.

ಇಂಥ ದೋಷರಹಿತ ಮನುಷ್ಯ ಮನಸ್ಸು ಕೊಟ್ಟದ್ದು, ದೋಷವೇ ಮೈವೆತ್ತಂತಿದ್ದ ತಂಡಕ್ಕೆ. ಹೆಸರು 'ಸಿಡಿಲು ಪಡೆ'. ಒಂದು ಗುಡಿಸು ಜಾರಿದರೆ 'ಸಡಿಲು ಪಡೆ'; ಆ ಗುಡಿಸು ಜಾರಿ ಎಷ್ಟೋ ಕಾಲವಾಗಿತ್ತು. ಇದು ವೃತ್ತಿಪರ ತಂಡ. ಅಂದರೆ, ನಾವು ನೀವು ಬಿಟ್ಟಿಯಾಗಿ ಸೋಲುವಲ್ಲಿ ಅವರು ತಿಂಗಳ ಸಂಬಳಕ್ಕೆ ಸೋಲುತ್ತಿದ್ದರು. ತಂಡದ ಕಾರ್ಯದರ್ಶಿ ಪ್ರತಿ ವರ್ಷವೂ "ಇದು ಪುನರ್ನಿರ್ಮಾಣದ ವರ್ಷ" ಎಂದು ಘೋಷಿಸುತ್ತಿದ್ದರು. ಹೀಗೆ ಹನ್ನೊಂದು ವರ್ಷದಿಂದ ಪುನರ್ನಿರ್ಮಾಣ ನಡೆದಿತ್ತು. ಅಷ್ಟು ಕಾಲದಲ್ಲಿ ಒಂದು ಅಣೆಕಟ್ಟು ಕಟ್ಟಿ ಮುಗಿದು, ಬಿರುಕು ಬಿಟ್ಟು, ವಿಚಾರಣಾ ಸಮಿತಿಯ ವರದಿಯೂ ಬಂದಿರುತ್ತಿತ್ತು.

"ಇನ್ನು ಮೇಲೆ ಭಾನುವಾರ ಮನೆಯಲ್ಲೇ ಇರ್ತೀನಿ," ಎಂದು ಮೇಷ್ಟ್ರು ವೈರಾಗ್ಯದ ಸ್ವರದಲ್ಲಿ ಸಾರಿದರು.

ಹೆಂಡತಿ ಮೊದಲ ಬಾರಿಗೆ ತಲೆ ಎತ್ತಿದಳು. ಮುಖ ಬಿಳುಚಿತ್ತು.

ಅವಳ ಹೆದರಿಕೆ ಸುಳ್ಳಾಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ, ವಾಡಿಕೆಯಂತೆ ಆಟ ಶುರುವಾಗುವ ಹೊತ್ತಿಗೆ, ಮೇಷ್ಟ್ರು ಕೆಂಪು ಪೆನ್ನು ಹಿಡಿದು ಅಡುಗೆಮನೆಗೆ ಕಾಲಿಟ್ಟರು. ಡಬ್ಬಗಳ ಮೇಲಿನ ಚೀಟಿಗಳನ್ನು ತಿದ್ದಿದರು. ಹಾಲಿನ ಲೆಕ್ಕದ ಕ್ಯಾಲೆಂಡರನ್ನು ತಿದ್ದಿದರು. ಹೆಂಡತಿ ತನ್ನ ಅಕ್ಕನಿಗೆ ಬರೆಯುತ್ತಿದ್ದ ಕಾಗದದಲ್ಲಿ 'ನಿನ್ನ ನೆನಪು ಬಾಳ ಆಗುತ್ತದೆ' ಎಂಬುದನ್ನು ಹೊಡೆದುಹಾಕಿ 'ಬಹಳ' ಮಾಡಿದರು. ಕೊನೆಗೆ ಅಂಗಡಿಯ ಪಟ್ಟಿ ಕೈಗೆ ಸಿಕ್ಕಿತು.

"ಇದೇನಿದು, 'ಇರುಳ್ಳಿ'? ಇರುಳು ಅಂದ್ರೆ ರಾತ್ರಿ. ಅಂಗಡಿಯವನು ಎರಡು ಕಿಲೋ ಕತ್ತಲೆ ತೂಗಿಕೊಡ್ತಾನಾ?"

"ಕೊಟ್ರೆ ತನ್ನಿ. ನಿಮ್ಮ ಕಣ್ಣಿಗೆ ಕಟ್ಟಿ ಕೂರಿಸ್ತೀನಿ."

"ತಮಾಷೆ ಅಲ್ಲ ಕಣೇ. ದೀರ್ಘ ಅನ್ನೋದು ಅಕ್ಷರದ ಉಸಿರು. ದೀರ್ಘ ಹೋಯ್ತು ಅಂದ್ರೆ ಪದದ ಪ್ರಾಣ ಹೋಯ್ತು ಅಂತ ಲೆಕ್ಕ."

"ನನ್ನ ಪ್ರಾಣ ಹೋಗ್ತಿದೆ, ಅದರ ಲೆಕ್ಕ ಯಾರಿಡ್ತಾರೆ? ರೀ, ಆ ತಂಡದವರು ಎಷ್ಟಾದರೂ ಸೋಲಲಿ, ನೀವು ಆಟಕ್ಕೆ ಹೋಗಿ. ಅವರು ಸೋತು ಸೋತು ಹತ್ತೊಂಬತ್ತು ವರ್ಷ ನನ್ನ ಭಾನುವಾರ ಕಾಪಾಡಿದ್ದಾರೆ."

"ಆ ಮೈದಾನದ ಕಡೆ ತಲೆ ಹಾಕಿಯೂ ಮಲಗಲ್ಲ," ಎಂದರು ಮೇಷ್ಟ್ರು, 'ಸಾಸಿವೆ'ಯ ಡಬ್ಬ ಕೆಳಗಿಳಿಸುತ್ತ.

ಮೇಷ್ಟ್ರು ತಂಡವನ್ನು ಬಿಟ್ಟರೂ ತಂಡ ಮೇಷ್ಟ್ರನ್ನು ಬಿಡಲಿಲ್ಲ. ಆ ವಾರವೇ ಮುದ್ರಣಾಲಯಕ್ಕೆ ಒಂದು ಕೆಲಸ ಬಂತು: ಸಿಡಿಲು ಪಡೆಯ ಇಪ್ಪತ್ತೈದನೆಯ ವರ್ಷದ ಸ್ಮರಣ ಸಂಚಿಕೆ. ಅರವತ್ತನಾಲ್ಕು ಪುಟ. ಮೇಷ್ಟ್ರು ಮೂಗು ಮುರಿಯುತ್ತ ಓದಿದರು. ನಾಯಕನ ಲೇಖನ 'ನನ್ನ ಸಾಧನೆಯ ಹಾದಿ'ಯಲ್ಲಿ ನಲವತ್ತೊಂದು ತಪ್ಪುಗಳಿದ್ದವು. ಸಾಧನೆ ಎಂದರೆ ಬಹುಶಃ ಅದೇ ಇರಬೇಕು. 'ನಮ್ಮ ವಿಜಯಗಳು' ಎಂಬ ಅಧ್ಯಾಯ ಅರ್ಧ ಪುಟಕ್ಕೇ ಉಸಿರು ಬಿಟ್ಟಿದ್ದರಿಂದ ಉಳಿದರ್ಧಕ್ಕೆ ಛತ್ರಿ ಅಂಗಡಿಯ ಜಾಹೀರಾತು ಹಾಕಿದ್ದರು. ಎಷ್ಟೇ ತಾತ್ಸಾರವಿದ್ದರೂ ಮೇಷ್ಟ್ರು ಒಂದು ಅಲ್ಪವಿರಾಮವನ್ನೂ ಬಿಡದೆ ತಿದ್ದಿದರು. ವೃತ್ತಿಪರತೆ ಎಂದರೇನೆಂದು ಆ ವೃತ್ತಿಪರರಿಗೆ ಯಾರಾದರೂ ತೋರಿಸಬೇಕಲ್ಲ!

ಮುಖಪುಟದ ಕರಡು ಮಾತ್ರ ಶನಿವಾರ ತಡವಾಗಿ ಬಂದದ್ದರಿಂದ ಅದನ್ನು ಮನೆಗೇ ತಂದರು. ಊಟದ ಮೇಜಿನ ಮೇಲೆ ಹರಡಿದರು. ಕಾರ್ಯದರ್ಶಿ ತಾವೇ ಹೊಸೆದ ಘೋಷಣೆ ಅಂಗೈಯಗಲದ ಅಕ್ಷರಗಳಲ್ಲಿತ್ತು. ಹಸ್ತಪ್ರತಿಯಲ್ಲಿ ಇದ್ದದ್ದು: 'ಗೋಲು ನಮ್ಮದು, ಆನಂದ ನಿಮ್ಮದು!' ಅಕ್ಷರ ಜೋಡಿಸುವಾಕೆಯ ಬೆರಳು ಎಲ್ಲಿ ಜಾರಿತೋ, ಕರಡಿನಲ್ಲಿ ಬಂದಿದ್ದದ್ದು:

'ಗೋಳು ನಮ್ಮದು, ಆನಂದ ನಿಮ್ಮದು!'

ಕೆಂಪು ಪೆನ್ನು ತಾನಾಗಿ ಮೇಲೆದ್ದಿತು. ಅರ್ಧ ದಾರಿಯಲ್ಲಿ ನಿಂತಿತು.

ಮೇಷ್ಟ್ರು ಮತ್ತೊಮ್ಮೆ ಓದಿದರು. ಎದೆಯಲ್ಲಿ ಏನೋ ತಣ್ಣಗಾಯಿತು. ಇಪ್ಪತ್ತೈದು ವರ್ಷದಲ್ಲಿ ಈ ಸಂಸ್ಥೆಯ ಬಾಯಿಂದ ಹೊರಟ ಮೊದಲ ಸತ್ಯ! ಸತ್ಯವನ್ನು ತಿದ್ದಲು ತಾನಾದರೂ ಯಾರು?

ಹೆಗಲ ಹಿಂದಿನಿಂದ ಹೆಂಡತಿ ಇಣುಕಿದಳು. "ಅಲ್ರೀ, ನಾಲಿಗೆ ಮಡಚೋ ಳ ಬಂದಿದೆಯಲ್ಲ?"

"ಬಂದಿದೆ."

"ತಿದ್ದಲ್ವಾ?"

"ತಪ್ಪಿದ್ದರೆ ತಾನೇ ತಿದ್ದೋದು?"

"ನನ್ನ ಇರುಳ್ಳಿಗೆ ಅಷ್ಟು ಕುಣಿದ್ರಿ!"

"ಅದು ತಪ್ಪು. ಇದು ವಿಮರ್ಶೆ," ಎಂದು ಮೇಷ್ಟ್ರು ಕರಡಿನ ಮೂಲೆಯಲ್ಲಿ 'ಸರಿಯಿದೆ' ಎಂದು ಬರೆದು ರುಜು ಹಾಕಿದರು. ಹತ್ತೊಂಬತ್ತು ವರ್ಷದ ಸೇಡು ಒಂದೇ ಅಕ್ಷರದಲ್ಲಿ ತೀರಿತ್ತು. ಆ ಊಟ ಅವರಿಗೆ ಬಹಳ (ಬಾಳ ಅಲ್ಲ) ರುಚಿಸಿತು.

ಮುಂದಿನ ಭಾನುವಾರ ಮೈದಾನದಲ್ಲಿ ಸಂಚಿಕೆಯ ಬಿಡುಗಡೆ. ಅದೇ ಮುಖಪುಟವನ್ನು ಹಿಗ್ಗಿಸಿ ಮಾಡಿದ ನಲವತ್ತು ಅಡಿಯ ಬ್ಯಾನರಿನ ಪರದೆಯನ್ನು ನಾಯಕನೇ ಸರಿಸಿದ. ಎರಡು ಬೀದಿ ಆಚೆ ತಮ್ಮ ಮನೆಯ ಕಿಟಕಿಯಲ್ಲಿ ಕಿವಿ ಇಟ್ಟು ಕುಳಿತಿದ್ದ ಮೇಷ್ಟ್ರಿಗೆ ಮೈದಾನವೇ ಹೊಟ್ಟೆ ಹಿಡಿದುಕೊಂಡಂಥ ನಗುವಿನ ಅಲೆ ಕೇಳಿಸಿತು.

"ಕೇಳಿದೆಯೇನೇ? ಗೆದ್ದೆ!"

ಗೆಲುವು ಸೋಮವಾರ ಬೆಳಗ್ಗೆ ಒಂಬತ್ತೂವರೆಯವರೆಗೆ ಬಾಳಿತು. ಮುದ್ರಣಾಲಯದ ಮಾಲೀಕರು ಅವರನ್ನು ಕರೆದು, ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂರಿಸಿ, ಮೆಲ್ಲನೆ ಕೇಳಿದರು: "ಮೇಷ್ಟ್ರೇ, ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು?"

ಮೇಷ್ಟ್ರು ಯೋಚಿಸಿರದಿದ್ದ ದಿಕ್ಕು ಇದೊಂದೇ. ಅವರು ಬಾಣ ಬಿಟ್ಟದ್ದು ತಂಡದ ಕಡೆಗೆ. ಅದು ಬಂದು ನಾಟಿದ್ದು ಅವರದೇ ಕನ್ನಡಕಕ್ಕೆ. ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು. ಅಕ್ಷರ ಜೋಡಿಸುವಾಕೆ ಅನುಕಂಪದಿಂದ ದೀಪವನ್ನು ಅವರ ಮೇಜಿನತ್ತ ತಿರುಗಿಸಿದಳು. ಬೈಂಡಿಂಗಿನವನು "ವಯಸ್ಸು ಯಾರನ್ನೂ ಬಿಡಲ್ಲ ಬಿಡಿ ಸಾರ್" ಎಂದ. ಕ್ಷೌರದಂಗಡಿಯವನು ಕ್ಯಾರೆಟ್ ತಿನ್ನಲು ಹೇಳಿದ.

'ನಾನು ಅದನ್ನು ನೋಡಿದ್ದೆ! ಚೆನ್ನಾಗಿ, ಎರಡು ಸಲ ನೋಡಿದ್ದೆ!' ಎಂದು ಕೂಗಬೇಕೆನಿಸಿತು. ಆದರೆ ಕೂಗುವುದು ಹೇಗೆ? ತಪ್ಪು ಕಾಣಲಿಲ್ಲ ಎಂದರೆ ಇಪ್ಪತ್ತಾರು ವರ್ಷದ ಮಾನ ಹೋಗುತ್ತದೆ. ಕಂಡಿತ್ತು ಎಂದರೆ ಇಪ್ಪತ್ತಾರು ವರ್ಷದ ಕೆಲಸ ಹೋಗುತ್ತದೆ. ಆ ವಾರವೆಲ್ಲ ಮೇಷ್ಟ್ರಿಗೆ ಅಕ್ಷರಗಳು ಎರಡೆರಡಾಗಿ ಕಂಡವು. ಮನೆಯಲ್ಲಿ 'ಬೇಳೆ' ಡಬ್ಬದ ಮೇಲೆ ಹೆಂಡತಿ ಬೇಕೆಂದೇ 'ಬೇಲೆ' ಎಂದು ಬರೆದಿಟ್ಟರೂ ತಿದ್ದದೆ ಮುಂದೆ ಹೋದರು. ಅವಳಿಗೆ ಗಾಬರಿಯಾಯಿತು.

ಭಾನುವಾರ ಬೆಳಗ್ಗೆ ಯಾರೋ ಬಾಗಿಲು ಬಡಿದರು. ಹೊರಗೆ ಮಾಲೀಕರು, ಅವರ ಪಕ್ಕದಲ್ಲಿ ಸಾಕ್ಷಾತ್ ಸಿಡಿಲು ಪಡೆಯ ಕಾರ್ಯದರ್ಶಿ. ಮೇಷ್ಟ್ರು ತಮ್ಮ ಜೀವನದ ಅಂತಿಮ ಕರಡು ಬಂದಿತೆಂದುಕೊಂಡು ಕುರ್ಚಿ ತೋರಿಸಿದರು.

ಕಾರ್ಯದರ್ಶಿ ಕೂರಲಿಲ್ಲ. ಬಂದವರೇ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ಸ್ವಾಮಿ, ಇವತ್ತಿನ ಆಟಕ್ಕೆ ಒಂದೇ ಒಂದು ಟಿಕೆಟ್ ಉಳಿದಿಲ್ಲ! ಊರಿಗೆ ಊರೇ 'ಗೋಳು ನಮ್ಮದು' ಅಂತ ಅಂಗಿ ಹೊಲಿಸಿಕೊಂಡಿದೆ. ಇಷ್ಟು ಪ್ರಾಮಾಣಿಕ ತಂಡ ಇನ್ನೊಂದಿಲ್ಲ ಅಂತ ಪತ್ರಿಕೆಯವರೇ ಬರೆದಿದ್ದಾರೆ. ಒಂದೇ ಮಾತು ಕೇಳೋಣ ಅಂತ ಬಂದೆ. ಅದು ಕಣ್ತಪ್ಪೋ, ನಿಮ್ಮ ಬುದ್ಧಿವಂತಿಕೆಯೋ?"

ಮಾಲೀಕರು ಮೇಷ್ಟ್ರನ್ನೇ ನೋಡಿದರು. ಮೇಷ್ಟ್ರು ನೆಲ ನೋಡಿದರು. ಈಗ ನಿಜ ಹೇಳಿದರೆ ಮಾನವೂ ಉಳಿದೀತು, ಕೆಲಸವೂ ಉಳಿದೀತು. ಆದರೆ ಸೇಡಿಗೆಂದು ಬಿಟ್ಟ ಅಕ್ಷರದಿಂದ ಆ ದರಿದ್ರ ತಂಡ ಉದ್ಧಾರವಾಯಿತೆಂದು ತಮ್ಮ ಬಾಯಿಂದಲೇ ಒಪ್ಪಿದಂತಾಗುತ್ತದೆ. ಅವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಧ್ವನಿ ಬಂತು.

"ಬೇಕಂತಲೇ ಬಿಟ್ಟಿದ್ದು ಸಾರ್! ನಾನೇ ಪಕ್ಕದಲ್ಲಿ ನಿಂತು ನೋಡಿದ್ದೀನಿ. ತಂಡ ಅಂದ್ರೆ ಇವರಿಗೆ ಪ್ರಾಣ. ಆಟಕ್ಕೆ ಹೋಗದೆ ಮೂರು ವಾರದಿಂದ ಡಬ್ಬದ ಮುಂದೆ ಕೂತು ಕೊರಗ್ತಿದ್ದಾರೆ."

"ನಾನು ಕೊರಗ್ತಾ..."

"ನೋಡಿ, ಗಂಟಲೇ ಕಟ್ಟಿದೆ," ಎಂದಳು ಹೆಂಡತಿ. ಅವಳ ಕಣ್ಣಲ್ಲಿ ಮುಂದಿನ ಎಲ್ಲ ಭಾನುವಾರಗಳೂ ಹೊಳೆಯುತ್ತಿದ್ದವು.

ಕಾರ್ಯದರ್ಶಿ ಅಲ್ಲೇ ಘೋಷಿಸಿದರು: ಮೇಷ್ಟ್ರಿಗೆ ಬದುಕಿರುವವರೆಗೂ ಮೊದಲ ಸಾಲಿನ ಉಚಿತ ಆಸನ. ಒಂದು ಆಟವೂ ತಪ್ಪಿಸುವಂತಿಲ್ಲ. ಜನ ಅವರನ್ನು ನೋಡಲಿಕ್ಕೇ ಬರುತ್ತಾರೆ. (ನ್ಯಾಯಾಲಯವಾದರೂ ಜೀವಾವಧಿ ಎಂದು ಹದಿನಾಲ್ಕು ವರ್ಷಕ್ಕೆ ಬಿಟ್ಟುಬಿಡುವುದುಂಟು.) ಮಾಲೀಕರು ಹಿಗ್ಗಿ, ಪಾಸನ್ನು ತಾವೇ ಅಚ್ಚು ಹಾಕಿಸಿಕೊಡುವುದಾಗಿ ಮಾತು ಕೊಟ್ಟರು. "ಕರಡು ಮಾತ್ರ ನೀವೇ ನೋಡಿಬಿಡಿ ಮೇಷ್ಟ್ರೇ. ನಿಮ್ಮ ಕಣ್ಣಿನ ಮೇಲೆ ನನಗೆ ಈಗ ಮತ್ತೆ ಪೂರ್ತಿ ನಂಬಿಕೆ."

ನಾಲ್ಕೇ ಸಾಲಿನ ಕರಡು. ಮೇಷ್ಟ್ರು ಹಲ್ಲು ಕಡಿಯುತ್ತ, ಅಸಹ್ಯದಿಂದ ಅರ್ಧ ಕಣ್ಣು ಮುಚ್ಚಿಕೊಂಡು ನೋಡಿ 'ಸರಿಯಿದೆ' ಎಂದು ರುಜು ಹಾಕಿ ತಳ್ಳಿದರು.

ಮುಂದಿನ ಭಾನುವಾರ ತುಂಬಿದ ಮೈದಾನದ ನಡುವೆ ಅವರನ್ನು ನಿಲ್ಲಿಸಿ, ಕೊರಳಿಗೆ ಪಾಸು ತೊಡಿಸಲಾಯಿತು. ಹೆಂಡತಿಯೂ ಅಂದೊಂದು ದಿನಕ್ಕೆ ಬಂದು ಪಕ್ಕದಲ್ಲಿ ನಿಂತಿದ್ದಳು. ಕಾರ್ಯದರ್ಶಿ ಮೈಕಿನಲ್ಲಿ ಪಾಸನ್ನು ಗಟ್ಟಿಯಾಗಿ ಓದಿದರು:

"ಸಿಡಿಲು ಪಡೆಯ ಅಜೀವ ಅಭಿಮಾನಿ..."

ಓದುತ್ತಿದ್ದವರು ತಡೆದು ಮತ್ತೊಮ್ಮೆ ನೋಡಿದರು. ಮೇಷ್ಟ್ರೂ ಎದೆಯ ಮೇಲಿನ ಪಾಸನ್ನು ತಲೆಕೆಳಗಾಗಿಯೇ ನೋಡಿದರು. ಆಜೀವ ಎಂದಿರಬೇಕಾದಲ್ಲಿ ಅಜೀವ. ಬದುಕಿರುವವರೆಗಿನ ಅಭಿಮಾನಿಯಲ್ಲ, ಜೀವವೇ ಇಲ್ಲದ ಅಭಿಮಾನಿ. ಇಪ್ಪತ್ತಾರು ವರ್ಷದಲ್ಲಿ ಮೊಟ್ಟಮೊದಲ ಸಲ, ದೇವರಾಣೆಗೂ, ನಿಜವಾಗಿಯೂ, ಅವರಿಗೆ ಅದು ಕಂಡೇ ಇರಲಿಲ್ಲ.

ಗ್ಯಾಲರಿಯಲ್ಲಿ ಯಾರೋ ಕೂಗಿದರು: "ಮತ್ತೆ ಬೇಕಂತಲೇ ಬಿಟ್ರು ಕಣ್ರೋ ಮೇಷ್ಟ್ರು!"

ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಾಲೀಕರು ಮೊದಲ ಸಾಲಿನಲ್ಲಿ ಕುಣಿದಾಡಿದರು. ಗೋಲುರಕ್ಷಕ ಕೈ ಬೀಸಿದ. ಮೇಷ್ಟ್ರು ಜೇಬಿನ ಕೆಂಪು ಪೆನ್ನು ತೆಗೆದರು. ಹೆಂಡತಿ ಮೆಲ್ಲನೆ ಅದನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಬಿಡಿ ರೀ. ದೀರ್ಘ ಹೋದ್ರೆ ಪ್ರಾಣ ಹೋದ ಹಾಗೆ ಅಂತ ನೀವೇ ಹೇಳಿದ್ರಿ. ಇನ್ನೂ ಅರವತ್ತು ನಿಮಿಷ ಇವರ ಆಟ ನೋಡಬೇಕು ನೀವು. ಈಗ ತಿದ್ದಿದ್ರೇನೇ ತಪ್ಪಾಗೋದು," ಎಂದವಳೇ, ಆಟ ಶುರುವಾಗುವ ಸೀಟಿ ಊದುವ ಮೊದಲೇ ಮನೆಯ ದಾರಿ ಹಿಡಿದಳು.