ನೆರಳಿನ ಗಿಡವೂ ನನ್ನ ಮೀಸೆಯೂ

ನಮ್ಮ ಹಿತ್ತಿಲ ಗೋಡೆಗೂ ನೀರಿನ ತೊಟ್ಟಿಗೂ ನಡುವೆ ಒಂದು ಮಾರು ಜಾಗವಿದೆ. ಬಿಸಿಲು ಅಲ್ಲಿಗೆ ಇಣುಕಿಯೂ ನೋಡಿಲ್ಲ. ಅದರ ಮುಂದೆ ನಿಂತು, ಇಪ್ಪತ್ತೆರಡು ವರ್ಷ ಸಾಕಿ ಸಲಹಿದ ಮೀಸೆಯನ್ನು ಹುರಿ ಮಾಡುತ್ತಾ ಘೋಷಿಸಿದೆ: "ಇಲ್ಲೇ ಹೂ ಅರಳಿಸ್ತೀನಿ! ಚಳಿಗಾಲದ ಕೊನೇ ಭಾನುವಾರದೊಳಗೆ ಅರಳ್ದೇ ಇದ್ರೆ ಈ ಮೀಸೆ ಬೋಳಿಸ್ಕೋತೀನಿ!"

ಹೆಂಡತಿ ಬಟ್ಟೆ ಹರವುತ್ತಲೇ ಇದ್ದಳು. ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಬಾಮೈದ ಮಾತ್ರ ನಕ್ಕ.

"ಭಾವ, ನಿಮ್ಮ ಕೈಗೆ ಸಿಕ್ರೆ ಪ್ಲಾಸ್ಟಿಕ್ ಹೂವೂ ಒಣಗುತ್ತೆ. ಆ ಭಾನುವಾರ ಕ್ಯಾಮೆರಾ ತರ್ತೀನಿ."

ಮೈಯೆಲ್ಲ ಉರಿದುಹೋಯಿತು! ಆಗಲೇ ನರ್ಸರಿಗೆ ಓಡಿದೆ. ನರ್ಸರಿಯವನು ಒಂದು ಕಾಡುಗಿಡ ಕೊಟ್ಟ. "ಇದಕ್ಕೆ ನೆರಳು, ತಂಪು ಇದ್ರೆ ಸಾಕು ಸಾರ್. ವರ್ಷಪೂರ್ತಿ ಹಸಿರು, ಎಂಥಾ ಚಳಿಗೂ ಜಗ್ಗಲ್ಲ. ಹೂ ಮಾತ್ರ..."

"ಬಿಡುತ್ತೆ ತಾನೆ? ಸಾಕು, ಭಾಷಣ ಬೇಡ!" ಎಂದು ಎತ್ತಿಕೊಂಡು ಬಂದೆ.

ಕೊಳೆತ ಎಲೆಯ ಗೊಬ್ಬರ ಹಾಕಿದೆ, ದಿನಾ ನೀರು ಚಿಮುಕಿಸಿದೆ. ಅಂಗೈಯಗಲದ ಮಿರಮಿರ ಎಲೆಗಳು ಬಂದವು. ಅವುಗಳ ಮೇಲೆ ಇನ್ನಷ್ಟು ಎಲೆ, ಅದರ ಮೇಲೆ ಮತ್ತಷ್ಟು ಎಲೆ! ಬೆಳಿಗ್ಗೆ ಸೊಂಟಕ್ಕೆ ಕೈಯಿಟ್ಟು ನಿಂತು ದುರುಗುಟ್ಟಿ ನೋಡುತ್ತಿದ್ದೆ. ಹೂವಿನ ಸುಳಿವಿಲ್ಲ. "ನಿನಗೇನು ಕಡಿಮೆ ಮಾಡಿದ್ದೀನಿ, ದ್ರೋಹಿ?" ಎಂದು ಕೂಗಾಡಿದೆ. ಪಕ್ಕದ ಮನೆಯ ಕಿಟಕಿ ಮುಚ್ಚಿತು.

ಹೆಂಡತಿ ಬಂದಳು. "ರೀ, ಒಂದ್ಸಲ ಆ ಎಲೇನ..."

"ನನ್ನ ಗಿಡದ ತಂಟೆಗೆ ಬರ್ಬೇಡ!"

ಅವಳು ಬಾಯಿ ಮುಚ್ಚಿಕೊಂಡಳು. ಅವಳು ಹಾಗೆ ಮುಚ್ಚಿಕೊಂಡಾಗಲೆಲ್ಲ ನನಗೆ ಕೇಡೇ ಆಗಿದೆ. ಆದರೆ ಕೋಪದಲ್ಲಿ ಅದೆಲ್ಲ ನೆನಪಿರುತ್ತದೆಯೇ?

ಗಡುವಿಗೆ ಎರಡು ದಿನ ಉಳಿದಾಗ ನರ್ಸರಿಗೆ ನುಗ್ಗಿ ರಂಪ ಮಾಡಿದೆ. ಗಿರಾಕಿಗಳಿಬ್ಬರು ಕುಂಡ ಕೆಳಗಿಟ್ಟು ಜಾಗ ಖಾಲಿ ಮಾಡಿದರು. ನರ್ಸರಿಯವನು ಮಾತ್ರ ತಣ್ಣಗೆ ಕೇಳಿದ, "ಸಾರ್, ನಿಂತು ನೋಡಿದ್ರಾ, ಕೂತು ನೋಡಿದ್ರಾ?"

"ಹೂ ನೋಡೋಕೆ ಕುರ್ಚಿ ಹಾಕ್ಕೋಬೇಕೇನಯ್ಯಾ? ಗೇಲಿ ಮಾಡ್ತೀಯಾ?" ಎಂದು ಅಬ್ಬರಿಸಿ ಬಂದೆ.

ಭಾನುವಾರ ಬಂತು. ಗೇಟಿನ ಬಳಿ "ಭಾವಾ!" ಎಂಬ ದನಿ ಕೇಳುತ್ತಲೇ ಬಚ್ಚಲಿಗೆ ಹೋಗಿ ಬ್ಲೇಡು ಹಿಡಿದೆ. ಒಂದು ಎಳೆತಕ್ಕೆ ನರ್ಸರಿಯವನಿಗೆ ಶಾಪ, ಇನ್ನೊಂದಕ್ಕೆ ಗಿಡಕ್ಕೆ, ಮೂರನೆಯದಕ್ಕೆ ಬಾಮೈದನಿಗೆ! ಕನ್ನಡಿಯಲ್ಲಿ ಸುಲಿದ ಆಲೂಗಡ್ಡೆಯೊಂದು ನನ್ನನ್ನು ನೋಡುತ್ತಿತ್ತು. ಮುಖದ ಸೋಪನ್ನೂ ತೊಳೆಯದೆ ಗುದ್ದಲಿ ಹಿಡಿದು ಹಿತ್ತಿಲಿಗೆ ನುಗ್ಗಿ, ಗಿಡವನ್ನು ಬುಡಸಮೇತ ಅಗೆದು ಬೀಸಿ ಎಸೆದೆ.

ಅದು ಬಾಮೈದನ ಕಾಲ ಬುಡದಲ್ಲಿ ತಲೆಕೆಳಗಾಗಿ ಬಿತ್ತು.

ಎಲೆಗಳಡಿಯಲ್ಲಿ, ಬೇರಿಗೆ ಅಂಟಿಕೊಂಡಂತೆ, ಪುಟ್ಟ ಹೂಜಿಯ ಆಕಾರದ ಏಳು ಕಂದುಗೆಂಪು ಹೂಗಳು!

"ಅಕ್ಕಾ, ಹೂ!" ಎಂದು ಅವನು ಕಿರುಚಿದ.

"ಗೊತ್ತು ಕಣೋ," ಎಂದಳು ನನ್ನ ಹೆಂಡತಿ. "ಮೂರು ವಾರ ಆಯ್ತು. ಈ ಗಿಡ ಎಲೆ ಕೆಳಗೆ, ಮಣ್ಣಿಗೆ ತಾಗಿಕೊಂಡೇ ಹೂ ಬಿಡೋದು."

"ಹೇಳೋಕೇನಾಗಿತ್ತೇ ನಿಂಗೆ!"

"ತಂಟೆಗೆ ಬರ್ಬೇಡ ಅಂದ್ರಲ್ಲಾ."

ಕ್ಯಾಮೆರಾ ಕ್ಲಿಕ್ ಎಂದಿತು. ಆ ಚಿತ್ರ ಈಗ ಬಾಮೈದನ ಸ್ಟುಡಿಯೋದ ಗಾಜಿನ ಹಿಂದೆ ರಾರಾಜಿಸುತ್ತಿದೆ: ಗುದ್ದಲಿ, ಸೋಪಿನ ನೊರೆ, ನಾನು. ಕೋಪ ಈಗಲೂ ಬರುತ್ತದೆ, ಆದರೆ ಯಾರ ಮೇಲೆ ಹರಿಹಾಯಲಿ?

ಗಿಡವನ್ನು ಹೆಂಡತಿಯೇ ಮತ್ತೆ ನೆಟ್ಟಳು. ಒಂದೆಲೆಯೂ ಬಾಡಲಿಲ್ಲ. ಈಗ ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಎಲೆ ಎತ್ತಿ ನೋಡುತ್ತೇನೆ. ನಿನ್ನೆ ಅವಳೂ ಪಕ್ಕದಲ್ಲಿ ಕೂತು ಗಿಡ ನೋಡಿದಳು, ಆಮೇಲೆ ನನ್ನ ಮೇಲ್ದುಟಿಯನ್ನು ನೋಡಿದಳು.

"ಗಿಡ ಆಗ್ಲೇ ಚಿಗುರ್ತು ರೀ. ಇದಕ್ಕೂ ಒಂಚೂರು ಎಲೆಗೊಬ್ಬರ ಹಾಕಿ ನೋಡೋಣ್ವಾ?"