ಮಂಡಿ ಚಿಪ್ಪೂ ಬಾಗಿಲ ಮೆಟ್ಟಿಲೂ

"ಶಟಲ್ ಆಡೋದು ಬಿಡಬೇಡ್ರೀ. ಮನೇಲಿ ಕೂತ್ರೆ ನಿಮಗೆ ಹುಚ್ಚು ಹಿಡಿಯುತ್ತೆ."

ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ಅವಳು ತೀರಿಕೊಂಡ ಮೇಲೆ ಮನೇಲಿ ಕೂರೋಕಾಗಲ್ಲ. ಆಡೋಣ ಅಂದ್ರೆ ಬಲಮಂಡಿ ಚಿಪ್ಪಿನ ಹಿಂದೆ ನೋವು. ಮೆಟ್ಟಿಲು ಇಳಿದ್ರೆ ಚುಚ್ಚುತ್ತೆ. ಸುಮ್ಮನೆ ಕೂತ್ರೂ ಚುಚ್ಚುತ್ತೆ. ಅದಕ್ಕೆ ವ್ಯಾಯಾಮ ಶುರು ಮಾಡಿದೆ. ಅವತ್ತಿಂದ ಒಂದಲ್ಲ ಒಂದು ಫಜೀತಿ.

ಮೇಲಿನ ಟ್ಯಾಂಕು

ನಾನು ಪ್ಲಂಬರ್. ವಿಜಯನಗರದಲ್ಲಿ ಒಬ್ಬರು ಫಿಸಿಯೋ ಮೇಡಂ ಹತ್ರ ಹೋದೆ. "ಇಂಜೆಕ್ಷನ್ ಹಾಕ್ಬಿಡಿ ಮೇಡಂ, ಬೇಗ ಆಟಕ್ಕೆ ಹೋಗ್ಬೇಕು" ಅಂದೆ. ಅವರು ಒಂದು ಮಗ್ಗುಲಿಗೆ ಮಲಗಿಸಿದರು. ಸೊಂಟದ ಪಕ್ಕ ಒತ್ತಿ ನೋಡಿದರು.

"ನೋವು ಮಂಡೀಲಿ ಮೇಡಂ. ನೀವು ಸೊಂಟ ನೋಡ್ತಿದೀರ."

"ಕೆಳಗಿನ ನಲ್ಲೀಲಿ ನೀರು ಸಣ್ಣಗೆ ಬಂದ್ರೆ ಏನು ನೋಡ್ತೀರಣ್ಣ?"

"ಮೇಲೆ ಹೋಗಿ ಟ್ಯಾಂಕ್ ನೋಡ್ತೀನಿ."

"ನಾನೂ ಅದನ್ನೇ ನೋಡ್ತಿರೋದು. ಸೊಂಟದಲ್ಲಿ ಬಲ ಇಲ್ಲ, ಟ್ಯಾಂಕ್ ಖಾಲಿ ಇದೆ. ಎತ್ತಿ ಕಾಲು."

ಒಣ ದೊಣ್ಣೆ

ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೇ ಕುರ್ಚಿ ಮೇಲೆ ಕೂತ ಹಾಗೆ ಕೂರೋದು ಇನ್ನೊಂದು ವ್ಯಾಯಾಮ. ರಾಜಾಜಿನಗರದ ಒಂದು ಮನೇಲಿ ಮೋಟಾರ್ ರಿಪೇರಿ ಮಾಡಿ, ಟ್ಯಾಂಕ್ ತುಂಬೋದು ಕಾಯ್ತಿದ್ದೆ. ಸುಮ್ಮನಿರೋಕಾಗದೆ ಮೋಟಾರ್ ಪಕ್ಕದಲ್ಲೇ ಹಾಗೆ ಕೂತೆ. ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ. ತೊಡೆ ಗಡಗಡ ನಡುಗ್ತಿತ್ತು.

"ರೀ, ಓಡಿ ಬನ್ರೀ! ಪ್ಲಂಬರ್‌ಗೆ ಕರೆಂಟ್ ಹೊಡೀತಿದೆ!" ಅಂತ ಮನೆಯ ಅಜ್ಜಿ ಕಿರುಚಿಕೊಂಡರು.

ಯಜಮಾನರು ಒಣ ದೊಣ್ಣೆ ತಂದರು. ನನ್ನನ್ನ ಗೋಡೆಯಿಂದ ಬಿಡಿಸೋಕೆ ಒಂದು ಬಿಟ್ಟರು. ಎಡಮಂಡಿಗೆ ಬಿತ್ತು.

"ನೋವು ಬಲಗಡೆ ಅಲ್ವಾ? ಎಡ ಯಾಕೆ ಊದಿದೆ?" ಅಂತ ಮಾರನೇ ದಿನ ಫಿಸಿಯೋ ಮೇಡಂ ಕೇಳಿದರು.

"ಅದು ಜೀವ ಉಳಿಸಿದ ಏಟು ಮೇಡಂ."

ಬಾಗಿಲ ಮೆಟ್ಟಿಲು

ಕೊನೇ ವ್ಯಾಯಾಮ ಮೆಟ್ಟಿಲಿಂದು. ನಿಧಾನಕ್ಕೆ ಇಳಿಯೋದು, ಹತ್ತೋದು. ಶ್ರೀಗಂಧದ ಕಾವಲ್‌ನ ನಮ್ಮನೆ ಬಾಗಿಲಿಗೆ ಇರೋದೇ ಒಂದು ಮೆಟ್ಟಿಲು. ಅಲ್ಲೇ ಮಾಡ್ತಿದ್ದೆ. ನೋವಿಲ್ಲದೆ ಇಳಿದ್ರೆ ಆಟಕ್ಕೆ ಹೋಗಿ ಅಂತ ಮೇಡಂ ಹೇಳಿದ್ದರು. ನೋವು ಹೋಗಿ ವಾರವಾಗಿತ್ತು. ನಾನಿನ್ನೂ ಮೆಟ್ಟಿಲ ಹತ್ರಾನೇ.

ಒಂದು ಸಂಜೆ, ಎದುರುಮನೆಗೆ ಹೊಸದಾಗಿ ಬಂದ ಹೆಂಗಸು ಗೇಟಿನ ಹತ್ರ ಬಂದಳು.

"ಅಣ್ಣ, ಬೇಜಾರು ಮಾಡ್ಕೋಬೇಡಿ. ದಿನಾ ನೋಡ್ತೀನಿ. ಒಳಗೆ ಹೋಗೋ ಹಾಗೆ ಹತ್ತುತ್ತೀರ, ಮತ್ತೆ ಇಳೀತೀರ. ಅಕ್ಕ ಅಷ್ಟು ಜೋರಾ?"

"ಜೋರೇ ಕಣಮ್ಮ."

"ತಪ್ಪಾಯ್ತು ಅಂದ್ಬಿಡಿ. ಒಳಗೆ ಬಿಡ್ತಾರೆ."

"ಅವಳು ಮನೇಲಿಲ್ಲಮ್ಮ."

"ಮನೇಲೇ ಇಲ್ವಾ!" ಹಣೆ ಚಚ್ಚಿಕೊಂಡಳು. "ಇಲ್ದೇ ಇರೋವಾಗಲೂ ಇಷ್ಟು ಹೆದರ್ತೀರಾ? ನಮ್ಮನೆಯವರಿಗೂ ಸ್ವಲ್ಪ ಹೇಳಿಕೊಡಿ ಅಣ್ಣ."

ಅವಳು ಆ ಕಡೆ ಹೋದ ಮೇಲೆ ನನಗೆ ನಗು ತಡೆಯೋಕಾಗಲಿಲ್ಲ. ಮೆಟ್ಟಿಲ ಮೇಲೇ ಕೂತು ನಕ್ಕೆ. "ಕೇಳಿದ್ಯೇನೇ?" ಅಂತ ಒಳಗೆ ತಿರುಗಿದೆ. ಯಾರಿದ್ದಾರೆ? ಹುಚ್ಚು ಹಿಡಿಯುತ್ತೆ ಅಂದಿದ್ಳಲ್ಲ, ಹಿಡೀತಿತ್ತು.

ಮಾರನೇ ಬೆಳಿಗ್ಗೆ ಬ್ಯಾಟ್ ಹಿಡ್ಕೊಂಡು ಮೆಟ್ಟಿಲು ಇಳಿದೆ. ಮತ್ತೆ ಹತ್ತಲಿಲ್ಲ. ಸೀದಾ ಪಾರ್ಕಿಗೆ ಹೋದೆ.