ಒಂದು ತಪ್ಪಿಗೆ ಜನ ಬೇಕಾಗಿದ್ದಾರೆ

ಸಾಹೇಬರು ತಪಾಸಣೆಗೆ ಬರುವ ದಿನ ಏಳನೇ ತರಗತಿಯಲ್ಲಿ ಎಲ್ಲವೂ ಇತ್ತು. ಗುಡಿಸಿದ ನೆಲ, ಒರೆಸಿದ ಕಪ್ಪು ಹಲಗೆ, ಮುರಿಯದ ಸೀಮೆಸುಣ್ಣ, ಎಣ್ಣೆ ಹಚ್ಚಿ ಬಾಚಿದ ತಲೆಗಳು. ಸರಿ ಉತ್ತರಗಳಂತೂ ಬೇಡ ಬೇಡ ಎನ್ನುವಷ್ಟು. ಇಲ್ಲದಿದ್ದದ್ದು ಒಂದೇ ಒಂದು, ತಪ್ಪು ಉತ್ತರ.

ತಪ್ಪು ಉತ್ತರ ಬೇಕೇ ಬೇಕು ಎಂದು ಪಟ್ಟು ಹಿಡಿದವರು ಹೆಡ್ಮಾಸ್ಟರು. ಹೋದ ವರ್ಷ ಸಾಹೇಬರು ಬಂದು ಇತಿಹಾಸದ ಪಾಠಕ್ಕೆ ಕೂತಾಗ ಮಕ್ಕಳು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಿದ್ದರು. ಪ್ರಶ್ನೆ ಮುಗಿಯುವ ಮೊದಲೇ ಕೊಟ್ಟಿದ್ದರು. ಒಬ್ಬನಂತೂ ಇನ್ನೂ ಕೇಳದ ಪ್ರಶ್ನೆಗೂ ಉತ್ತರ ಹೇಳಿ, ಋಣ ತೀರಿಸಿದವನಂತೆ ಕೂತಿದ್ದ. "ಗಿಳಿಗಳನ್ನ ಚೆನ್ನಾಗಿ ಸಾಕಿದೀರಿ" ಎಂದು ಹೇಳಿ ಸಾಹೇಬರು ಚಹಾ ಕೂಡ ಕುಡಿಯದೆ ಎದ್ದು ಹೋಗಿದ್ದರು.

"ಈ ಸಲ ಹಾಗಾಗಬಾರದು, ಟೀಚರ್" ಎಂದು ಹೆಡ್ಮಾಸ್ಟರು ವ್ಯಾಕರಣದ ಟೀಚರನ್ನು ಕರೆದು ಹೇಳಿದ್ದರು. "ಒಂದು ಮಗು ತಪ್ಪು ಹೇಳ್ಬೇಕು. ನೀವು ಸಿಟ್ಟಾಗದೆ ಹತ್ರ ಹೋಗಿ, ತಲೆ ಸವರಿ, ನಿಧಾನವಾಗಿ ತಿದ್ದಬೇಕು. ಆ ಸಾಹೇಬರಿಗೆ ತಿದ್ದೋದು ನೋಡೋಕೆ ಇಷ್ಟ. ಒಂದೇ ತಪ್ಪು ಸಾಕು. ಪಾಠಕ್ಕೆ ದೃಷ್ಟಿಬೊಟ್ಟಿನ ಹಾಗೆ."

ಟೀಚರು ತಲೆಯಾಡಿಸಿದರು. ಸಾಹೇಬರ ಮೆಚ್ಚುಗೆ ಅವರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿತ್ತು. ಟೀಚರ ಮನೆಯ ಗೋಡೆಗೆ ಅಂಟಿಕೊಂಡಂತೆ ಒಂದು ಶಾಲೆ ಇತ್ತು. ಅಲ್ಲಿ ಗಂಟೆ ಹೊಡೆದರೆ ಇವರ ಅಡುಗೆಮನೆಯ ಪಾತ್ರೆ ನಡುಗುತ್ತಿತ್ತು. ಆ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಯಾವ ವಿಷಯದವರಾದರೂ ಆದೀತು, ಸಾಹೇಬರು ಆರಿಸಿದವರು ಸರಿ ಎಂದು ಆ ಶಾಲೆಯವರು ಹೇಳಿದ್ದರು. ಈಗ ಟೀಚರು ಎರಡು ಬಸ್ಸು ಬದಲಾಯಿಸಿ ಈ ಶಾಲೆಗೆ ಬರಬೇಕು. ಹೊರಡುವಾಗ ಮೂರು ವರ್ಷದ ಮಗಳು ಇನ್ನೂ ಮಲಗಿರುತ್ತಾಳೆ, ವಾಪಸು ಬರುವಷ್ಟರಲ್ಲಿ ತೂಕಡಿಸುತ್ತಿರುತ್ತಾಳೆ. ಮೊನ್ನೆ ಪಕ್ಕದ ಮನೆಯಾಕೆ "ನಿಮ್ಮಮ್ಮ ಎಲ್ಲಿ ಪುಟ್ಟಿ?" ಎಂದು ಕೇಳಿದ್ದಕ್ಕೆ ಮಗು, "ನಮ್ಮಮ್ಮ ಬಸ್ಸಲ್ಲಿ ಇರ್ತಾಳೆ" ಎಂದಿತ್ತಂತೆ. ಅತ್ತೆ ಅದನ್ನು ನಗುತ್ತಲೇ ಹೇಳಿದರು. ಟೀಚರಿಗೆ ನಗು ಬರಲಿಲ್ಲ.

ಹಾಗಾಗಿ ವಾರದಿಂದ ಅವರು ವಾಕ್ಯರಚನೆಯ ಪಾಠವನ್ನು ತಾಲೀಮು ಮಾಡಿಸಿದ್ದರು. ಹಲಗೆಯ ಮೇಲೆ ಬಿಡಿ ಪದಗಳು: ಹಸು, ಹುಲ್ಲು, ತಿನ್ನು. ಮಕ್ಕಳು ಜೋಡಿಸಿ ಹೇಳಬೇಕು: "ಹಸು ಹುಲ್ಲನ್ನು ತಿಂದಿತು." ಒಬ್ಬ ಮಾತ್ರ "ಹುಲ್ಲು ಹಸುವನ್ನು ತಿಂದಿತು" ಅನ್ನಬೇಕು. ಆ ಕೆಲಸಕ್ಕೆ ಟೀಚರು ಕೊನೆ ಬೆಂಚಿನ ಗುಂಡನನ್ನು ಆರಿಸಿದ್ದರು. ಅವನಿಗೆ ತಪ್ಪು ಹೇಳುವುದರಲ್ಲಿ ಸಹಜ ಸೌಂದರ್ಯವಿತ್ತು.

ಆದರೆ ಆ ದಿನ ಬೆಳಿಗ್ಗೆ ಟೀಚರು ಗೇಟು ದಾಟುವ ಮೊದಲೇ ಗುಂಡನ ತಾಯಿ ಅಡ್ಡ ನಿಂತರು. ಆಕೆ ಎದುರು ಬೀದಿಯಲ್ಲಿ ಬಟ್ಟೆ ಹೊಲಿಯುವವರು. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು.

"ಏನ್ರೀ ಟೀಚರಮ್ಮ, ನನ್ನ ಮಗ ಒಂದು ವಾರದಿಂದ ಕನ್ನಡಿ ಮುಂದೆ ನಿಂತು ಹುಲ್ಲು ಹಸುವನ್ನು ತಿಂದಿತು, ಹುಲ್ಲು ಹಸುವನ್ನು ತಿಂದಿತು ಅಂತಿದಾನೆ. ಜ್ವರ ಬಂದಿದೆ ಅಂದ್ಕೊಂಡು ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ!"

"ಅಯ್ಯೋ, ಅದು ಪಾಠ ಅಮ್ಮ..."

"ಪಾಠ ಅಂತೆ ಪಾಠ! ಡಾಕ್ಟ್ರ ಮುಂದೆ ಬಾಯಿ ಬಿಟ್ಟ, ಮಿಸ್ಸೇ ತಪ್ಪು ಹೇಳು ಅಂದಿದಾರೆ ಅಂತ. ಮೂವತ್ತು ಮಕ್ಕಳಲ್ಲಿ ದಡ್ಡ ಆಗೋಕೆ ನನ್ನ ಮಗನೇ ಬೇಕಿತ್ತಾ? ನಾನು ಬಡವಿ ಅಂತ ತಾನೆ?"

"ಅಲ್ಲಮ್ಮ, ಅವನು ಧೈರ್ಯವಂತ ಅಂತ."

"ಧೈರ್ಯಕ್ಕೆ ಬೇರೆ ಮನೆ ಮಕ್ಕಳನ್ನ ನೋಡ್ಕೊಳ್ಳಿ. ರಾತ್ರಿ ಎಲ್ಲ ಕೂತು ಸರಿ ಉತ್ತರ ಬಾಯಿಪಾಠ ಮಾಡ್ಸಿದೀನಿ. ಇವತ್ತು ಅವನು ಸರೀನೇ ಹೇಳ್ತಾನೆ!" ಎಂದು ಆಕೆ ಅಳತೆಪಟ್ಟಿಯನ್ನು ಚಾಟಿಯಂತೆ ಬೀಸಿ ಹೊರಟುಹೋದರು.

ಟೀಚರು ಸ್ಟಾಫ್ ರೂಮಿಗೆ ಓಡಿದರು. ಅಲ್ಲಿ ಲೆಕ್ಕದ ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರು ಓದುತ್ತಿದ್ದರು. ಅವರ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಮಧ್ಯಾಹ್ನ ಹೋಗಿ ಬಿಸಿ ಊಟ ಮಾಡಿ, ಒಂದು ಕೋಳಿನಿದ್ದೆಯನ್ನೂ ಮುಗಿಸಿ, ಗಂಟೆಯ ಸದ್ದಿಗೆ ಎದ್ದು ಬರುವ ಭಾಗ್ಯವಂತರು.

"ತಪ್ಪು ಹೇಳೋಕೆ ಯಾರೂ ಇಲ್ವಾ?" ಎಂದು ಅವರು ವಿಷಯ ತಿಳಿದು ನಕ್ಕರು. "ನನ್ನ ಕ್ಲಾಸಲ್ಲಿ ಈ ರಗಳೆನೇ ಇಲ್ಲ ನೋಡಿ. ಸೊಳ್ಳೆ ಕೂಡ ಕೈಯೆತ್ತಿ, ಅನುಮತಿ ಕೇಳಿ ಹಾರುತ್ತೆ."

"ಮೇಷ್ಟ್ರೇ, ನಿಮ್ಮ ಮಗಳೂ ಅದೇ ಕ್ಲಾಸಲ್ಲವಾ? ಅವಳು ಒಂದೇ ಒಂದು ತಪ್ಪು..."

ಮೇಷ್ಟ್ರ ಕಾಲು ಕೆಳಗಿಳಿಯಿತು. ಅವರ ಮಗಳನ್ನು ಶಾಲೆಯೆಲ್ಲ 'ಫಸ್ಟ್ ರ‍್ಯಾಂಕು' ಎಂದೇ ಕರೆಯುತ್ತಿತ್ತು.

"ನನ್ನ ಮಗಳಾ? ತೊಟ್ಟಿಲಲ್ಲಿ ಅಳೋವಾಗ ಕೂಡ ಅವಳು ತಪ್ಪಿಲ್ದೆ ಅತ್ತವಳು ಟೀಚರ್!"

ಆದರೂ ಟೀಚರು ತರಗತಿಗೆ ಹೋಗಿ ಮೆಲ್ಲಗೆ ಆ ಹುಡುಗಿಯ ಪಕ್ಕದಲ್ಲಿ ಕೂತರು. "ಕಂದ, ನನಗೋಸ್ಕರ ಒಂದ್ಸಲ, ಹುಲ್ಲು ಹಸುವನ್ನು ತಿಂದಿತು ಅನ್ನು ನೋಡೋಣ."

ಫಸ್ಟ್ ರ‍್ಯಾಂಕು ಬಾಯಿ ತೆರೆಯಿತು. "ಹು... ಹುಲ್... ಹಸು ಹುಲ್ಲನ್ನು ತಿಂದಿತು." ಕಣ್ಣಲ್ಲಿ ಗಂಗಾಭವಾನಿ ಇಳಿದೇಬಿಟ್ಟಳು. "ಆಗಲ್ಲ ಮಿಸ್. ನಾಲಿಗೆ ಹೊರಳ್ತಾನೇ ಇಲ್ಲ."

ಮುಂದಿನ ಬೆಂಚಿನವಳು ಕೇಳುವ ಮೊದಲೇ ತಲೆ ಅಲ್ಲಾಡಿಸಿದಳು. ಅವಳ ಪಕ್ಕದವನು, "ನಮ್ಮಪ್ಪ ಹೊಡೀತಾರೆ ಮಿಸ್" ಎಂದ. ಗುಂಡನ ತಾಯಿಯ ಗಲಾಟೆ ಕಿವಿಯಿಂದ ಕಿವಿಗೆ ಹರಡಿ, ತಪ್ಪು ಹೇಳಿದವನ ಮನೆತನವೇ ಮಣ್ಣುಪಾಲು ಎನ್ನುವಂತಾಗಿತ್ತು.

ಸಾಹೇಬರ ಜೀಪು ಬರುವ ಹೊತ್ತಾಯಿತು. ಹೆಡ್ಮಾಸ್ಟರು ಬಾಗಿಲಲ್ಲಿ ಇಣುಕಿದರು. "ಸಿಕ್ಕಿದ್ರಾ?"

"ಇಲ್ಲ ಸಾರ್. ತಪ್ಪಿಲ್ದೆ ನಡೆಸಿಬಿಡ್ಲಾ?"

"ಮತ್ತೆ ಗಿಳಿ ಅನ್ನಿಸ್ಕೊಳ್ಳೋಕಾ? ಬಿಡಿ ಇತ್ಲಾಗೆ, ನಿಮಗೆ ಮಕ್ಕಳ ಮನಸ್ಸು ತಿಳಿಯೋದಿಲ್ಲ." ಅವರು ನಾಲ್ಕು ಹೆಜ್ಜೆ ಒಳಗೆ ಬಂದು, ಗಂಟಲು ಸರಿಪಡಿಸಿಕೊಂಡು ಘೋಷಿಸಿದರು: "ಮಕ್ಕಳೇ, ಇವತ್ತು ಸಾಹೇಬರ ಮುಂದೆ ತಪ್ಪು ಉತ್ತರ ಹೇಳಿದವರಿಗೆ ಒಂದು ತಿಂಗಳು ಹೋಂವರ್ಕ್ ಇಲ್ಲ!"

ಟೀಚರು ಗಾಬರಿಯಾದರು. "ಸಾರ್, ಒಬ್ಬರಿಗೆ ಮಾತ್ರ ಅಂತ ಹೇ..."

ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿತು. ಹೆಡ್ಮಾಸ್ಟರು ಶರಟಿನ ಗುಂಡಿ ಹಾಕಿಕೊಳ್ಳುತ್ತ ಓಡಿದರು.

ಸಾಹೇಬರು ಬಂದು ಕೊನೆಯ ಬೆಂಚಿನಲ್ಲಿ, ಗುಂಡನ ಪಕ್ಕದಲ್ಲೇ ಕೂತರು. ದಪ್ಪ ಕನ್ನಡಕ, ನಗುವೋ ಮುನಿಸೋ ತಿಳಿಯದ ಮುಖ. ಟೀಚರು ಹಲಗೆಯ ಮೇಲೆ ಬರೆದರು: ಹಸು, ಹುಲ್ಲು, ತಿನ್ನು. "ಯಾರು ಜೋಡಿಸಿ ಹೇಳ್ತೀರಾ?"

ಮೂವತ್ತು ಕೈಗಳು ಮೇಲೆದ್ದವು. ಕೆಲವರು ಎರಡೂ ಕೈ ಎತ್ತಿದ್ದರು. ಟೀಚರು ನೋಡಿ ನೋಡಿ, ಯಾವತ್ತೂ ಬಾಯಿ ಬಿಡದ ಒಂದು ಪಾಪದ ಹುಡುಗಿಯನ್ನು ಏಳಿಸಿದರು.

"ಹುಲ್ಲು ಹಸುವನ್ನು ತಿಂದಿತು!" ಎಂದಿತು ಪಾಪ, ಶಾಲೆಗೆಲ್ಲ ಕೇಳುವಂತೆ.

ಸರಿ, ತಪ್ಪು ಸಿಕ್ಕಿತು. ಟೀಚರು ಹತ್ತಿರ ಹೋಗಿ, ತಲೆ ಸವರಿ, "ಹೌದಾ ಕಂದ? ತಿನ್ನೋದು ಯಾರು ಹೇಳು" ಎಂದು ತಿದ್ದಿದರು. ಮನಸ್ಸು ಹಗುರವಾಯಿತು. ಇನ್ನು ಮುಂದೆ ಎಲ್ಲ ಸಲೀಸು ಎಂದುಕೊಂಡು ಮುಂದಿನ ಪದಗಳನ್ನು ಬರೆದರು: ಅಜ್ಜ, ಕುರ್ಚಿ, ಕೂರು.

"ಕುರ್ಚಿ ಅಜ್ಜನ ಮೇಲೆ ಕೂತಿತು!"

ಅಕ್ಕ, ಬಟ್ಟೆ, ಒಗೆ.

"ಬಟ್ಟೆ ಅಕ್ಕನನ್ನು ಒಗೆದು ಹಿಂಡಿತು!"

"ಮಿಸ್ ಮಿಸ್, ನನ್ನದು ಇನ್ನೂ ತಪ್ಪು ಮಿಸ್! ಬಟ್ಟೆ ಅಕ್ಕನನ್ನು ನಾಳೆ ಒಗೆಯಿತು!"

ಟೀಚರು ಹಲಗೆ ಒರೆಸಿದರು. ಈಗ ಉಳಿದಿರುವ ಗತಿ ಒಂದೇ ಎಂದು ಫಸ್ಟ್ ರ‍್ಯಾಂಕಿನ ಕಡೆ ತಿರುಗಿದರು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಇವಳು ತಪ್ಪುವವಳಲ್ಲ. "ನೀನು ಹೇಳಮ್ಮ. ನಾಯಿ, ಬೆಕ್ಕು, ಓಡಿಸು."

ಹುಡುಗಿ ಎದ್ದು ನಿಂತಳು. ಒಂದು ತಿಂಗಳ ಸಂಜೆಗಳೆಲ್ಲ ಅವಳ ಕಣ್ಣ ಮುಂದೆ ಕುಣಿದಿರಬೇಕು. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಒಂದೇ ಉಸಿರಿಗೆ ಹೇಳಿದಳು: "ಬೆಕ್ಕುಗಳು ನಾಯಿಯಿಂದ ನಾಳೆ ಓಡಿಸಿದೆನು!"

ತರಗತಿ ಚಪ್ಪಾಳೆ ತಟ್ಟಿತು. ಒಂದೇ ವಾಕ್ಯದಲ್ಲಿ ಎಷ್ಟೊಂದು ತಪ್ಪು! ತಪ್ಪಿನಲ್ಲೂ ಫಸ್ಟ್ ರ‍್ಯಾಂಕು ಅವಳದೇ.

ಇಡೀ ತರಗತಿಯಲ್ಲಿ ಸರಿ ಉತ್ತರ ಹೇಳಿದವನು ಗುಂಡ ಒಬ್ಬನೇ. ತಾಯಿಯ ಭಯಕ್ಕೆ ಎದ್ದು ನಿಂತು, ಅಳುಮುಖ ಮಾಡಿಕೊಂಡು, "ಹಸು ಹುಲ್ಲನ್ನು ತಿಂದಿತು" ಎಂದ. ಆ ಪ್ರಶ್ನೆ ಮುಗಿದು ಯುಗವಾಗಿತ್ತು.

ಟೀಚರಿಗೆ ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ. ಕೈತಪ್ಪಿಹೋದ ಮನೆ ಪಕ್ಕದ ಶಾಲೆ, ಅದರ ಗೋಡೆಯಾಚೆ ಆಡುತ್ತಿರುವ ಮಗಳು ಕಣ್ಣಿಗೆ ಬಂದಳು. ಹೋಗಲಿ, ಆದದ್ದಾಯಿತು ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಬೆಂಚಿಗೆ ಹೋಗಿ ತಿದ್ದುತ್ತ ಬಂದರು. "ಅಜ್ಜನ ಮೇಲೆ ಕುರ್ಚಿ ಕೂತ್ರೆ ಅಜ್ಜನ ಗತಿ ಏನೋ ಮರಿ?" ಎಂದು ಕೇಳಿದರು. ಮಕ್ಕಳು ನಕ್ಕರು, ಯೋಚಿಸಿದರು, ತಾವೇ ಸರಿಮಾಡಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಸಾಹೇಬರು ಎದ್ದು ಲೆಕ್ಕದ ಮೇಷ್ಟ್ರ ಆರನೇ ತರಗತಿಗೆ ನಡೆದರು.

ಅಲ್ಲಿ ಎಲ್ಲ ಸ್ತಬ್ಧ. ಮಕ್ಕಳು ತಲೆ ತಗ್ಗಿಸಿ ಲೆಕ್ಕ ಬಿಡಿಸುತ್ತಿದ್ದರು. ಸಾಹೇಬರು ನೋಡಿದ ಪ್ರತಿ ಲೆಕ್ಕವೂ ಸರಿ. ಮೇಷ್ಟ್ರು ಎದೆಯುಬ್ಬಿಸಿ, "ಸಾರ್, ನಾನು ಇಲ್ಲಿ ಇರ್ಲೇಬೇಕು ಅಂತೇನೂ ಇಲ್ಲ. ನಾನು ಆಚೆ ಹೋದ್ರೂ ಅವರ ಪಾಡಿಗೆ ಅವರು ಹೀಗೇ ಮಾಡ್ತಿರ್ತಾರೆ" ಎಂದರು.

"ಹೌದಾ?" ಎಂದರು ಸಾಹೇಬರು. ಕನ್ನಡಕ ತೆಗೆದು ಒರೆಸಿಕೊಂಡರು.

ಮಧ್ಯಾಹ್ನ ಹೆಡ್ಮಾಸ್ಟರ ಕೋಣೆಗೆ ಎಲ್ಲರಿಗೂ ಕರೆ ಬಂತು. ಟೀಚರು ಬಾಗಿಲ ಪಕ್ಕದಲ್ಲೇ ನಿಂತರು, ಬೈಸಿಕೊಂಡು ಬೇಗ ಹೊರಬೀಳಲು ಅನುಕೂಲ ಎಂದು. ಸಾಹೇಬರು ಚಹಾ ಗುಟುಕರಿಸಿದರು. ಇನ್ನೊಂದು ಲೋಟ ಬೇಕೆಂದೂ ಕೇಳಿದರು.

"ಇಷ್ಟು ವರ್ಷದಲ್ಲಿ ಇಂಥ ಕ್ಲಾಸು ನೋಡಿಲ್ಲ ಟೀಚರ್" ಎಂದರು. "ನಾನು ಹೋದಲ್ಲೆಲ್ಲ ಮಕ್ಕಳು ಹೆದರಿ ಸರಿ ಹೇಳ್ತಾರೆ. ನಿಮ್ಮ ಮಕ್ಕಳು ಧೈರ್ಯವಾಗಿ ತಪ್ಪು ಹೇಳಿದ್ರು. ತಪ್ಪು ಹೇಳೋಕೆ ಎರಡೂ ಕೈ ಎತ್ತಿದ್ರು! ನೀವು ಒಂದ್ಸಲಾನೂ ದನಿ ಏರಿಸ್ಲಿಲ್ಲ."

ಹೆಡ್ಮಾಸ್ಟರು ಟೀಚರತ್ತ ನೋಡಿ, ಎಲ್ಲ ತಮ್ಮ ಕೃಪೆ ಎನ್ನುವಂತೆ ಕಣ್ಣು ಮಿಟುಕಿಸಿದರು.

"ಆ ಶಾಲೆಯ ಖಾಲಿ ಜಾಗಕ್ಕೆ ನೀವೂ ಅರ್ಜಿ ಹಾಕಿದೀರಲ್ಲ?" ಎಂದು ಸಾಹೇಬರು ಕೇಳಿದರು.

"ಹೌದು ಸಾರ್. ಮನೆ ಪಕ್ಕದಲ್ಲೇ ಸಾರ್. ಮಗು ಚಿಕ್ಕದು..."

"ಗೊತ್ತು. ನಿಮ್ಮ ಹೆಸರನ್ನೇ ಮನಸ್ಸಲ್ಲಿ ಇಟ್ಕೊಂಡು ಬಂದಿದ್ದೆ." ಸಾಹೇಬರು ಲೋಟ ಕೆಳಗಿಟ್ಟರು. "ಆದ್ರೆ ಆ ಏಳನೇ ಕ್ಲಾಸನ್ನ ಕಣ್ಣಾರೆ ನೋಡಿದ ಮೇಲೆ ನಿಮ್ಮನ್ನ ಇಲ್ಲಿಂದ ಕದಲಿಸಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ. ಅಜ್ಜನ ಮೇಲೆ ಕುರ್ಚಿ ಕೂರಿಸೋ ಮಕ್ಕಳಿಗೆ ನಿಮ್ಮಂಥವರೇ ಬೇಕು. ಆ ಮಕ್ಕಳು ಹೈಸ್ಕೂಲು ಮುಗಿಸೋ ತನಕ ನೀವು ಎಲ್ಲೂ ಹೋಗಬಾರದು."

"ಸಾರ್, ಅವರು ನಿಜವಾಗಿ ಜಾಣರು ಸಾರ್. ಎಲ್ಲ ಗೊತ್ತು ಅವರಿಗೆ!"

"ನೋಡಿದ್ರಾ?" ಸಾಹೇಬರು ಹೆಡ್ಮಾಸ್ಟರ ಕಡೆ ತಿರುಗಿದರು. "ಇಷ್ಟಾದ್ರೂ ಮಕ್ಕಳನ್ನ ಬಿಟ್ಟುಕೊಡಲ್ಲ. ತಾಯಿ ಅಂದ್ರೆ ಇವರಪ್ಪ." ಆಮೇಲೆ ಅವರ ದೃಷ್ಟಿ ಲೆಕ್ಕದ ಮೇಷ್ಟ್ರ ಮೇಲೆ ಬಿತ್ತು. "ಮೇಷ್ಟ್ರೇ, ನೀವು ಇಲ್ಲಿ ಇಲ್ದಿದ್ರೂ ಮಕ್ಕಳು ಮಾಡ್ಕೋತಾರೆ ಅಂದ್ರಲ್ಲ. ಸೋಮವಾರದಿಂದ ಆ ಶಾಲೆಗೆ ನೀವು ಹೋಗಿ."

ಲೆಕ್ಕದ ಮೇಷ್ಟ್ರು ತೆರೆದ ಬಾಯಿ ಮುಚ್ಚಲಿಲ್ಲ. ಸೊಳ್ಳೆಯೊಂದು ಅನುಮತಿ ಕೇಳದೆ ಒಳಗೆ ಹೋಗಬಹುದಿತ್ತು.

ಸಂಜೆ ಬಸ್ ಸ್ಟಾಪಿನಲ್ಲಿ ಟೀಚರ ಪಕ್ಕದಲ್ಲಿ ಬಂದು ನಿಂತದ್ದು ಅವರೇ. ಮುಖ ಬಾಡಿದ ಬದನೆಕಾಯಿಯಂತಿತ್ತು.

"ಟೀಚರ್, ಸೀಟು ಸಿಗುತ್ತಾ?"

"ಮೊದಲನೇ ಬಸ್ಸಲ್ಲಿ ಸಿಗಲ್ಲ ಮೇಷ್ಟ್ರೇ. ಎರಡನೇದರಲ್ಲಿ ನಿಲ್ಲೋಕೆ ಜಾಗ ಸಿಗುತ್ತೆ."

"ಮಧ್ಯಾಹ್ನ ಊಟ?"

"ಡಬ್ಬಿ. ತಣ್ಣಗಾಗಿರುತ್ತೆ."

ಮೇಷ್ಟ್ರು ಲೆಕ್ಕದವರಲ್ಲವೇ, ಏನೋ ಕೂಡಿ ಕಳೆದರು. ಮುಖ ಮೆಲ್ಲಗೆ ಅರಳಿತು.

"ನಿಮ್ಮನೆ ಆ ಶಾಲೆಗೆ ಅಂಟ್ಕೊಂಡೇ ಇದೆ ಅಂದ್ರಲ್ಲ. ನಿಮ್ಮತ್ತೆಯವರು ಮಧ್ಯಾಹ್ನ ಮನೇಲೇ ಇರ್ತಾರೆ ತಾನೆ?"

"ಇರ್ತಾರೆ..."

"ಹಾಗಿದ್ರೆ ಅವರಿಗೊಂದು ಮಾತು ಹೇಳಿಬಿಡಿ. ನನಗೆ ತಣ್ಣನೆ ಊಟ ಆಗಿಬರಲ್ಲ. ಅಲ್ಲೇ ಬಿಸಿಯಾಗಿ ಉಂಡು, ಒಂದರ್ಧ ಗಂಟೆ ಹಾಗೇ ಒರಗಿದ್ರೆ ಆಯ್ತು. ಮಗುನೂ ಆಗ ಎಚ್ಚರವಾಗೇ ಇರುತ್ತಲ್ಲ? ನೀವೇನೂ ಯೋಚ್ನೆ ಮಾಡ್ಬೇಡಿ ಟೀಚರ್. ದಿನಾ ನಾನು ಅವಳ ಜತೆ ಆಟ ಆಡ್ತೀನಿ."

ಟೀಚರು ಡಬ್ಬಿಯ ಚೀಲವನ್ನು ಹೆಗಲಿಗೆ ಏರಿಸಿಕೊಂಡರು. ಅಷ್ಟರಲ್ಲಿ ಬಸ್ಸು ಬಂತು. ಮೇಷ್ಟ್ರು ದಾರಿ ನೋಡಿಕೊಂಡು ಬರುತ್ತೇನೆಂದು ಮುಂದೆ ಹತ್ತಿ, ಇದ್ದ ಒಂದೇ ಸೀಟಿನಲ್ಲಿ ಕೂತರು.